ಭತ್ತದ ಕಣದಲ್ಲಿ ಐಸ್ ಹಾಕಿ

ನಮ್ಮ ಕಾಲೇಜಿನಲ್ಲಿ ಐಸ್ ಹಾಕಿ ತಂಡವಿತ್ತು ಎಂದರೆ ಈಗಲೂ ಜನ ನನ್ನ ಮುಖವನ್ನು ಎರಡು ಸಲ ನೋಡುತ್ತಾರೆ. ನೋಡಲಿ. ಮಂಡ್ಯದಲ್ಲಿ ನಾನು ಕಂಡ ಮಂಜುಗಡ್ಡೆ ಎಂದರೆ ಕಬ್ಬಿನ ಹಾಲಿನ ಗಾಡಿಯವನು ಗೋಣಿಚೀಲದಲ್ಲಿ ಸುತ್ತಿಟ್ಟು ಕುಟ್ಟಿ ಹಾಕುವುದು, ಇಲ್ಲವೇ ಮೀನಿನ ಅಂಗಡಿಯ ಪೆಟ್ಟಿಗೆಯಲ್ಲಿ ಕರಗುತ್ತಾ ಕೂತಿರುವುದು. ಇಂಥ ಊರಿನಲ್ಲಿ ಮಂಜಿನ ಮೇಲೆ ಜಾರುತ್ತಾ ಆಡುವ ಆಟಕ್ಕೊಂದು ತಂಡ ಕಟ್ಟಬೇಕು ಎಂದು ಹೊಳೆದದ್ದು ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರಿಗೆ. ಅವರಿಗೆ ಏನೇ ಹೊಳೆದರೂ ಅದನ್ನು ಮಾಡಿ ತೋರಿಸುವುದು ನಮ್ಮ ಪಾಲಿನ ಕೆಲಸವಾಗಿತ್ತು.

ಅಧ್ಯಕ್ಷರ ಬುದ್ಧಿವಂತಿಕೆಯನ್ನು ನಾನು ಕಡೆಗಣಿಸುವುದಿಲ್ಲ. ಬೆಂಗಳೂರಿನ ಯಾವುದೋ ಮಾಲಿನಲ್ಲಿ ಮಕ್ಕಳು ಜಾರುವುದನ್ನು ನೋಡಿಕೊಂಡು ಬಂದಿದ್ದರು. ಸ್ಟಾಫ್ ಮೀಟಿಂಗಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ವಿವರಿಸಿದರು. ಕಬಡ್ಡಿ, ಖೋಖೋ ಎಂದರೆ ಊರಿಗೊಂದು ತಂಡ ಇರುತ್ತದೆ, ಎಷ್ಟು ಜನರನ್ನು ಸೋಲಿಸಿಕೊಂಡು ಹೋಗುವುದು? ಐಸ್ ಹಾಕಿಯನ್ನು ಯಾರೂ ಆಡುವುದೇ ಇಲ್ಲ. ತಂಡ ಕಟ್ಟಿದರೆ ಸಾಕು, ನೇರವಾಗಿ ರಾಜ್ಯಮಟ್ಟ. ಅದರಲ್ಲೂ ಹುಡುಗಿಯರ ತಂಡವಾದರೆ ಎದುರಿಗೆ ನಿಲ್ಲುವವರೇ ಇರುವುದಿಲ್ಲ. ಎದುರಾಳಿ ಇಲ್ಲದ ಕಡೆ ಗೆಲ್ಲುವುದನ್ನೇ ಸಾಧನೆ ಎಂದುಕೊಂಡ ಮನುಷ್ಯ ಚುನಾವಣೆಗೂ ಹಾಗೆಯೇ ನಿಲ್ಲುತ್ತಿದ್ದ ಎಂಬುದು ಊರಿಗೆಲ್ಲ ಗೊತ್ತಿತ್ತು. ನಮ್ಮ ಪ್ರಿನ್ಸಿಪಾಲರು ಮಾತ್ರ ಹೊಸ ಜ್ಞಾನ ಸಿಕ್ಕಿದವರ ಹಾಗೆ ತಲೆಯಾಡಿಸುತ್ತಲೇ ಇದ್ದರು.

ಹುಡುಗಿಯರ ತಂಡ ಎಂದ ಮೇಲೆ ಜೊತೆಗೊಬ್ಬ ಹೆಂಗಸು ಬೇಕು. ಕಾಮರ್ಸ್ ಮೇಡಂಗೆ ಆಡಿಟ್ ಕೆಲಸ, ಇಂಗ್ಲಿಷ್ ಮೇಡಂಗೆ ಮಂಡಿ ನೋವು, ಕನ್ನಡದವರು ಹೇಗೂ ಖಾಲಿ ಎಂದು ಪ್ರಿನ್ಸಿಪಾಲರು ನನ್ನ ಎದುರಿಗೇ ಹೇಳಿ ನನ್ನನ್ನು ತಂಡದ ಮ್ಯಾನೇಜರ್ ಮಾಡಿದರು. ನಾನು ದುದ್ದದ ಕಡೆಯವಳು, ಬಾಯಿ ಸ್ವಲ್ಪ ಜೋರು. ಹಳಗನ್ನಡ ಪಾಠ ಮಾಡುವವಳು ಖಾಲಿ ಎಂದಾದರೆ ನೀವು ಬಂದು ಒಂದು ಗಂಟೆ ಮಾಡಿ ನೋಡಿ ಎಂದೆ. ಎಲ್ಲರೂ ನಕ್ಕರು, ಮೀಟಿಂಗ್ ಮುಗಿಯಿತು, ಬೋಂಡ ಕಾಫಿ ಬಂತು. ಮ್ಯಾನೇಜರ್ ಪಟ್ಟ ನನ್ನ ತಲೆಯ ಮೇಲೇ ಉಳಿಯಿತು.

ಇನ್ನು ಕೋಚ್. ಕೆರಗೋಡಿನ ಕಡೆಯವರು, ಕಾಲೇಜಿನ ಪಿ.ಟಿ. ಮೇಷ್ಟ್ರು, ಒಂದು ಕಾಲದಲ್ಲಿ ಕಬಡ್ಡಿಯಲ್ಲಿ ಒಳ್ಳೆಯ ಹೆಸರು ಮಾಡಿದ್ದ ಆಳು. ಕೆಟ್ಟವರಲ್ಲ. ಕೆಟ್ಟವರಲ್ಲ ಎಂಬುದನ್ನು ಹೊಗಳಿಕೆ ಎಂದು ಯಾರೂ ತಿಳಿಯಬಾರದು. ಐಸ್ ಹಾಕಿಯನ್ನು ಅವರು ಕಲಿತದ್ದು ಮೊಬೈಲಿನಲ್ಲಿ, ರಾತ್ರಿ ಊಟವಾದ ಮೇಲೆ ವಿಡಿಯೋ ನೋಡಿ. ಬೆಳಗ್ಗೆ ಬಂದು ಅದನ್ನು ಹುಡುಗಿಯರಿಗೆ ಬಡಿಸುತ್ತಿದ್ದರು. ಈ ತಾಲೀಮಿಗೆ ಹಾಕುವ ಚಕ್ರದ ಬೂಟನ್ನು ಒಂದೇ ಒಂದು ಸಲವೂ ಅವರು ಕಾಲಿಗೆ ಹಾಕಲಿಲ್ಲ. ತಮ್ಮ ಮೈಭಾರ ತಡೆಯುವ ಬೂಟು ಸಿಗುವುದಿಲ್ಲ ಎನ್ನುತ್ತಿದ್ದರು. ಹುಡುಗಿಯರು ಜಾರುತ್ತಿದ್ದರೆ ಇವರು ಬೈಕಿನಲ್ಲಿ ಪಕ್ಕಪಕ್ಕದಲ್ಲೇ ಸುತ್ತುತ್ತಾ, ಒಂದು ಕೈಯಲ್ಲಿ ಸೀಟಿ ಹಿಡಿದು, ಕಬಡ್ಡಿಯಲ್ಲಿ ಕೂಗುವ ಹಾಗೆ ಕಾಲ್ ಹಿಡಿ, ಕಾಲ್ ಹಿಡಿ ಎಂದು ಕೂಗುತ್ತಿದ್ದರು. ಇದು ಯಾರ ಕಾಲನ್ನೂ ಹಿಡಿಯುವ ಆಟವಲ್ಲ ಎಂದು ನಾನೇ ಒಂದು ದಿನ ನೆನಪಿಸಬೇಕಾಯಿತು.

ಮಂಜು ಇಲ್ಲದ ಕಡೆ ಈ ಆಟವನ್ನು ಸಾಲಾಗಿ ಚಕ್ರವಿರುವ ಬೂಟು ಹಾಕಿಕೊಂಡು ನುಣುಪಾದ ನೆಲದ ಮೇಲೆ ಕಲಿಯುತ್ತಾರೆ. ಕೈಯಲ್ಲೊಂದು ಬಾಗಿದ ಕೋಲು, ಚೆಂಡಿನ ಬದಲು ಒಂದು ಚಪ್ಪಟೆ ಬಿಲ್ಲೆ. ಆ ನುಣುಪು ನೆಲ ನಮಗೆ ಸಿಕ್ಕಿದ್ದು ಮದ್ದೂರು ರಸ್ತೆಯ ಒಂದು ರೈಸ್ ಮಿಲ್ಲಿನಲ್ಲಿ. ಭತ್ತ ಒಣಗಿಸುವ ಸಿಮೆಂಟಿನ ಕಣ. ಮಿಲ್ಲು ಅಧ್ಯಕ್ಷರ ಷಡ್ಡಕನದು, ಹಾಗಾಗಿ ಬಾಡಿಗೆ ಇಲ್ಲ, ಮರ್ಯಾದೆಯೂ ಇಲ್ಲ. ಭತ್ತ ಹರವಿದ ದಿನ ನಮಗೆ ಜಾಗವಿರುತ್ತಿರಲಿಲ್ಲ. ಕೊಯ್ಲಿನ ಕಾಲದಲ್ಲಂತೂ ವಾರಗಟ್ಟಲೆ ಹುಡುಗಿಯರು ಬೂಟು ಹಾಕಿಕೊಂಡು ತವುಡಿನ ಮೂಟೆಗಳ ಮೇಲೆ ಸಾಲಾಗಿ ಕೂತು, ಆಳುಗಳು ಕಾಲಲ್ಲಿ ಭತ್ತ ಮಗುಚುವುದನ್ನು ನೋಡುತ್ತಿದ್ದರು. ರಾಜ್ಯಮಟ್ಟದ ತಂಡದ ತಾಲೀಮು ಹೀಗಿತ್ತು.

ಆ ಕಣಕ್ಕೆ ಇನ್ನೊಂದು ಗುಣವಿತ್ತು. ಮಳೆ ನೀರು ನಿಲ್ಲಬಾರದೆಂದು ಕಣವನ್ನು ಒಂದು ಕಡೆಗೆ ಸ್ವಲ್ಪ ಇಳಿಜಾರು ಮಾಡಿಯೇ ಕಟ್ಟಿರುತ್ತಾರೆ. ನೇರವಾಗಿ ಹೊಡೆದ ಬಿಲ್ಲೆ ಮೆಲ್ಲಗೆ ಚರಂಡಿಯ ಕಡೆಗೆ ವಾಲುತ್ತಿತ್ತು. ಕೋಚ್ ಅದನ್ನು ಹುಡುಗಿಯರ ತಪ್ಪು ಎಂದುಕೊಂಡರು. ಒಸಿ ಮ್ಯಾಕೆ ಹೊಡಿ, ಒಸಿ ಮ್ಯಾಕೆ ಹೊಡಿ ಎಂದು ವರ್ಷವಿಡೀ ತಿದ್ದಿದರು. ಹುಡುಗಿಯರೂ ಶ್ರದ್ಧೆಯಿಂದ ಕಲಿತರು. ಎತ್ತ ಹೊಡೆಯಬೇಕೋ ಅದಕ್ಕಿಂತ ಒಂದು ಮೊಳ ಮೇಲ್ಬದಿಯ ಗೋಡೆಯ ಕಡೆಗೆ ಹೊಡೆಯುವುದು ಅವರ ಕೈಗೆ ಕೂತುಬಿಟ್ಟಿತು. ನನಗೂ ಆಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಹುಡುಗಿಯರ ಬಗ್ಗೆ ಮಾತ್ರ ನಾನು ಒಂದು ಹಗುರ ಮಾತನ್ನೂ ಆಡುವುದಿಲ್ಲ. ಕೊಪ್ಪದಿಂದ, ದುದ್ದದಿಂದ, ಮದ್ದೂರಿನಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದರು. ಮನೆಯಲ್ಲಿ ಹಾಲು ಕರೆದು ಡೇರಿಗೆ ಹಾಕಿ ಬಂದವರಿದ್ದರು. ಚಕ್ರದ ಬೂಟು ಹಾಕಿಕೊಂಡ ತಿಂಗಳೊಳಗೆ ಕಣದ ತುಂಬ ಹಾರಾಡತೊಡಗಿದರು. ಬಿದ್ದು ಮಂಡಿ ತರಚಿಕೊಂಡರೆ ಅರಿಸಿನ ಮೆತ್ತಿಕೊಂಡು ಮತ್ತೆ ಎದ್ದು ಬರುತ್ತಿದ್ದರು. ಅವರನ್ನು ನೋಡುತ್ತಾ ನೋಡುತ್ತಾ, ಒಲ್ಲದ ಮನಸ್ಸಿನಿಂದ ಬಂದಿದ್ದ ನಾನು ಬೆಳಗ್ಗೆ ಬೇಗ ಏಳತೊಡಗಿದ್ದೆ.

ಅವರಲ್ಲಿ ಗೋಲಿಗೆ ನಿಲ್ಲುತ್ತಿದ್ದವಳು ಮದ್ದೂರಿನ ಹುಡುಗಿ. ಅವಳ ಅಪ್ಪ ಬಸ್ ಸ್ಟ್ಯಾಂಡಿನ ಹತ್ತಿರ ಬೈಕುಗಳಿಗೆ ಸೀಟು ಕವರ್ ಹೊಲಿಯುವ ಸಾಹೇಬರು. ಗೋಲಿಗೆ ಅವಳನ್ನು ಆರಿಸಿದ್ದರ ಹಿಂದೆಯೂ ನಮ್ಮ ಕೋಚಿನ ಪಾಂಡಿತ್ಯವಿತ್ತು. ಗೋಲಿನಲ್ಲಿ ಸುಮ್ಮನೆ ನಿಲ್ಲುವುದು ತಾನೆ, ಓಡುವುದೇನಿದೆ ಎಂದು, ಮೊದಲ ದಿನ ತಡವಾಗಿ ಬಂದವಳನ್ನು ಶಿಕ್ಷೆಯ ಹಾಗೆ ಅಲ್ಲಿ ನಿಲ್ಲಿಸಿದ್ದರು. ಅವಳು ಅಲ್ಲಿಂದ ಕದಲಲೇ ಇಲ್ಲ. ಅರ್ಧ ಕೂತು, ಕಣ್ಣು ಕಿರಿದು ಮಾಡಿ, ಬಿಲ್ಲೆ ಬರುವ ಮೊದಲೇ ಆ ಮೂಲೆಗೆ ಸರಿದಿರುತ್ತಿದ್ದಳು. ಉಳಿದ ಹುಡುಗಿಯರು ಎಲ್ಲರೂ ಸೇರಿ ಹೊಡೆದರೂ ಒಂದನ್ನು ಒಳಗೆ ಹಾಕಲು ಬೆವರು ಇಳಿಸಬೇಕಿತ್ತು.

ಅಧ್ಯಕ್ಷರು ಬೂಟು, ಕೋಲು ಎಲ್ಲ ಕೊಡಿಸಿದ್ದರು. ಗೋಲಿನವಳ ಕಾಲಿಗೆ ಕಟ್ಟುವ ಪ್ಯಾಡನ್ನು ಮಾತ್ರ ಕೊಡಿಸಿರಲಿಲ್ಲ. ನಿಂತುಕೊಳ್ಳುವವಳಿಗೆ ಅದೆಲ್ಲ ಯಾಕೆ ಎಂಬುದು ಅವರ ವಾದ. ಅವಳ ಕಾಲಿನ ಕಪ್ಪು ಗಾಯಗಳನ್ನು ಮನೆಯಲ್ಲಿ ನೋಡಿದ ಅಪ್ಪ ಏನೂ ಕೇಳದೆ, ಅಳತೆ ತೆಗೆದುಕೊಂಡು, ಬೈಕಿನ ಸೀಟಿಗೆ ಹಾಕುವ ಸ್ಪಂಜು ಮತ್ತು ರೆಕ್ಸಿನ್ನಿನಲ್ಲೇ ಎರಡು ಪ್ಯಾಡು ಹೊಲಿದುಕೊಟ್ಟರು. ಕೆಂಪು ಅಂಚು, ಗಟ್ಟಿ ಬಕ್ಕಲ್ಲು. ಅವನ್ನು ಕಟ್ಟಿಕೊಂಡ ದಿನ ಹುಡುಗಿ ಕಣದ ತುಂಬ ಸುಮ್ಮನೆ ಸುತ್ತಿ ಸುತ್ತಿ ಬಂದಳು. ಕೋಚ್ ಬೈದರೂ ನಿಲ್ಲಲಿಲ್ಲ.

ಅವಳಿಗಿದ್ದದ್ದು ಒಂದೇ ಆಸೆ. ಮಳವಳ್ಳಿಯಲ್ಲಿ ಪಂದ್ಯವೊಂದು ನಡೆಯುವುದಿತ್ತು. ಅದನ್ನು ನೋಡಲು ಬೆಂಗಳೂರಿನಿಂದ ಇಬ್ಬರು ಆಯ್ಕೆಗಾರರು ಬಂದು, ಒಬ್ಬಿಬ್ಬರನ್ನು ಆರಿಸಿ ಉತ್ತರದ ಬೆಟ್ಟದ ಊರೊಂದರ ಶಿಬಿರಕ್ಕೆ ಕಳಿಸುತ್ತಾರೆ. ಅಲ್ಲಿ ಚಳಿಗಾಲದಲ್ಲಿ ಕೆರೆಯೇ ಹೆಪ್ಪುಗಟ್ಟುತ್ತದಂತೆ. ಇವಳದು ಕೊನೆಯ ವರ್ಷ. ಡಿಗ್ರಿ ಮುಗಿದರೆ ಆಟವೂ ಮುಗಿಯಿತು. ಒಂದು ಬೆಳಗ್ಗೆ ಕಣದ ತುಂಬ ಭತ್ತವಿದ್ದಾಗ ಮೂಟೆಯ ಮೇಲೆ ನನ್ನ ಪಕ್ಕ ಕೂತು ಹೇಳಿದಳು.

"ಗೆಲ್ಲೋದು ಸೋಲೋದು ಅಂಗಿರ್ಲಿ ಮೇಡಂ. ಆ ಐಸ್ ಮ್ಯಾಲೆ ಒಂದ್ಸಲ ನಿಂತ್ಕಬೇಕು ನಾನು. ಅಬ್ಬನೂ ಓಗು ಅಂದವ್ರೆ."

ನನಗೆ ಅವಳಿಗಿಂತ ಹೆಚ್ಚು ಆಸೆ ಹುಟ್ಟಿತು. ಹೋಗೇ ಹೋಗುತ್ತೀಯ ಬಿಡು ಎಂದೆ. ಅವಳಿಗಿಂತ ಚೆನ್ನಾಗಿ ಗೋಲು ಕಾಯುವವಳು ಈ ಜಿಲ್ಲೆಯಲ್ಲಿ ಇರಲಿಲ್ಲ, ಬೇರೆ ಯಾರಿಗಾದರೂ ಆಟ ಗೊತ್ತಿದ್ದರೆ ತಾನೆ!

ಪಂದ್ಯಕ್ಕೆ ಎರಡು ವಾರ ಇರುವಾಗ ಅಧ್ಯಕ್ಷರು ತಮ್ಮ ತಂಗಿಯ ಮಗಳನ್ನು ಕರೆದುಕೊಂಡು ಕಣಕ್ಕೆ ಬಂದರು. ಮೊದಲ ವರ್ಷದ ಹುಡುಗಿ, ಮೆತ್ತಗಿನ ಮಗು, ಮಾವನ ಹಿಂದೆ ಕರುವಿನ ಹಾಗೆ ನಿಂತಿತ್ತು. ಶಿಬಿರಕ್ಕೆ ಹೋಗಿ ಬಂದರೆ ಮುಂದೆ ಸೀಟಿಗೆ, ಕೆಲಸಕ್ಕೆ ಕ್ರೀಡಾ ಕೋಟಾ ಸಿಗುತ್ತದೆ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಚಕ್ರದ ಬೂಟು ಹಾಕಿ ನಿಲ್ಲಿಸಿದರೆ ಎರಡೂ ಕೈಯಲ್ಲಿ ಗೋಡೆ ಹಿಡಿದುಕೊಂಡಳು, ಬಿಡಿಸಲು ಇಬ್ಬರು ಬೇಕಾಯಿತು. ಅಧ್ಯಕ್ಷರು ಒಂದು ಗಳಿಗೆ ಯೋಚಿಸಿ ಕೋಚಿಗೆ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

"ಜಾರಕ್ ಬರ್ದಿದ್ರೆ ಗೋಲಿಗ್ ನಿಲ್ಸಿ ಮೇಷ್ಟ್ರೆ. ಸುಮ್ನೆ ನಿಂತ್ಕಳಾದ್ ತಾನೆ."

ಕೋಚ್ ಆಯ್ತು ಸಾ ಎಂದರು. ಅಷ್ಟೇ. ವರ್ಷವಿಡೀ ಬೈಕಿನಲ್ಲಿ ಸುತ್ತಿ ಕೂಗಿದ ಗಂಟಲಿನಿಂದ ಹೊರಟದ್ದು ಇಷ್ಟೇ ಮಾತು. ಮದ್ದೂರಿನ ಹುಡುಗಿಯನ್ನು ಹೆಚ್ಚುವರಿ ಆಟಗಾರ್ತಿ ಎಂದು ಪಕ್ಕಕ್ಕೆ ಸರಿಸಿದರು. ಅಲ್ಲಿಗೂ ನಿಲ್ಲಲಿಲ್ಲ, ಅವಳ ಪ್ಯಾಡನ್ನು ಹೊಸಬಳಿಗೆ ಕಟ್ಟಿ ಎಂದರು. ತಂಡದ ಸಾಮಾನು ತಂಡದ್ದು ಎಂದು ಅದಕ್ಕೊಂದು ನ್ಯಾಯ ಬೇರೆ ಹೇಳಿದರು. ತಂಡ ಒಂದು ದಾರದ ಉಂಡೆಯನ್ನೂ ಕೊಡಿಸಿರದ ಪ್ಯಾಡು ಅದು.

ನಾನು ಕೋಚನ್ನು ಮಿಲ್ಲಿನ ಹಿಂದಕ್ಕೆ ಕರೆದುಕೊಂಡು ಹೋಗಿ ಬಾಯಿಗೆ ಬಂದದ್ದೆಲ್ಲ ಅಂದೆ. ಕಬಡ್ಡಿಯಲ್ಲಿ ಏಳು ಜನರ ನಡುವೆ ನುಗ್ಗಿ ಬರುತ್ತಿದ್ದ ಗಂಡಸು ಒಬ್ಬ ಅಧ್ಯಕ್ಷನ ಮುಂದೆ ಹೀಗೆ ಬಾಲ ಮಡಚಿದರೆ ಹೇಗೆ ಎಂದೆ. ಅವರು ನೆಲ ನೋಡುತ್ತಾ ಮಕ್ಕಳ ಸ್ಕೂಲು, ಮನೆ ಕಟ್ಟುವುದು ಅರ್ಧಕ್ಕೆ ನಿಂತಿರುವುದು ಎಂದೆಲ್ಲ ಹೇಳಿದರು. ನಮ್ಮ ಜನ ತಪ್ಪು ಮಾಡುವ ಮೊದಲು ಮಕ್ಕಳನ್ನು ಮುಂದೆ ತಂದು ನಿಲ್ಲಿಸುತ್ತಾರೆ. ಅಲ್ಲಿಂದ ಪ್ರಿನ್ಸಿಪಾಲರ ಹತ್ತಿರ ಹೋದೆ. ನೀವು ಸಾಹಿತ್ಯದವರು, ಕ್ರೀಡೆಯ ಸೂಕ್ಷ್ಮ ನಿಮಗೆ ತಿಳಿಯುವುದಿಲ್ಲ ಎಂದು ಕಳಿಸಿದರು.

ಮದ್ದೂರಿನ ಹುಡುಗಿ ಅಳಲಿಲ್ಲ, ಜಗಳವಾಡಲಿಲ್ಲ. ಆ ಎರಡು ವಾರವೂ ಬಂದಳು. ಕೋಚ್ ಹೇಳಿದರೆಂದು ಹೊಸ ಹುಡುಗಿಗೆ ಮಂಡಿ ಬಾಗಿಸಿ ನಿಲ್ಲುವುದನ್ನು, ಕೋಲನ್ನು ನೆಲಕ್ಕೆ ಒತ್ತಿ ಹಿಡಿಯುವುದನ್ನು ಹೇಳಿಕೊಟ್ಟಳು. ಹೊಸ ಹುಡುಗಿ ಅಕ್ಕ ಅಕ್ಕ ಎಂದು ಅವಳ ತೋಳು ಹಿಡಿದುಕೊಂಡೇ ಇರುತ್ತಿತ್ತು. ಒಂದು ಬೆಳಗ್ಗೆ ಮದ್ದೂರಿನವಳ ಮೇಲೆ, ಯಾಕೆ ಬರುತ್ತೀಯ, ಮನೆಯಲ್ಲಿ ಮಲಗಬಾರದಾ ಎಂದು ರೇಗಿದೆ. ಮಳವಳ್ಳಿಯಲ್ಲಿ ಹೆಚ್ಚುವರಿಯವಳನ್ನೂ ಇಳಿಸಬಹುದಲ್ಲ ಮೇಡಂ ಎಂದಳು.

ಮಳವಳ್ಳಿಯ ಪಂದ್ಯಕ್ಕೆ ಮೂರು ಕಾಲೇಜು ಬರಬೇಕಿತ್ತು. ಮಂಡ್ಯದವರು ಮಾಡಿದ ಮೇಲೆ ಮದ್ದೂರು, ಮಳವಳ್ಳಿಯವರು ಸುಮ್ಮನಿರುತ್ತಾರಾ? ಅವರೂ ಒಂದೊಂದು ತಂಡ ಕಟ್ಟಿದ್ದರು. ಮದ್ದೂರಿನವರು ಬೂಟು ಹಾಕಿಸಿ ಫೋಟೋ ತೆಗೆಸಿ, ಪೇಪರಿಗೆ ಕೊಟ್ಟು ಅಲ್ಲಿಗೇ ಕೈತೊಳೆದುಕೊಂಡಿದ್ದರು. ಉಳಿದದ್ದು ನಾವು ಮತ್ತು ಮಳವಳ್ಳಿಯವರು. ಪಂದ್ಯ ನಡೆದದ್ದು ಅಲ್ಲಿನ ಕಾಲೇಜಿನ ಕಾರ್ಯದರ್ಶಿಯ ಕಲ್ಯಾಣ ಮಂಟಪದಲ್ಲಿ. ಗ್ರಾನೈಟ್ ಹಾಸಿದ ದೊಡ್ಡ ಹಾಲು, ಕುರ್ಚಿಗಳನ್ನೆಲ್ಲ ಗೋಡೆಗೆ ಒಟ್ಟಿದ್ದರು. ಹಿಂದಿನ ದಿನದ ಮದುವೆಯ ಸೇವಂತಿಗೆ ವೇದಿಕೆಯ ಮೇಲೆ ಹಾಗೇ ಬಾಡುತ್ತಿತ್ತು. ಗಂಡು ಹೆಣ್ಣಿಗೆ ಹಾಕಿದ್ದ ಕೆಂಪು ಸೋಫಾದಲ್ಲಿ ಇಬ್ಬರು ಆಯ್ಕೆಗಾರರನ್ನು ಕೂರಿಸಿ, ಪಕ್ಕದಲ್ಲಿ ನಮ್ಮ ಅಧ್ಯಕ್ಷರು ಕೂತರು. ಆರತಿ ತಟ್ಟೆ ಒಂದು ಕಡಿಮೆ ಇತ್ತು.

ಸೀಟಿ ಊದಿದ ಮೇಲೆ ನಮ್ಮ ಕಣದ ವಿದ್ಯೆ ಹೊರಗೆ ಬಂತು. ನಮ್ಮ ಹುಡುಗಿಯರು ಮಿಂಚಿನ ಹಾಗೆ ಓಡುತ್ತಿದ್ದರು, ಆದರೆ ಹೊಡೆದ ಬಿಲ್ಲೆಯೆಲ್ಲ ಒಂದೇ ಪಕ್ಕಕ್ಕೆ, ಒಟ್ಟಿದ ಕುರ್ಚಿಗಳ ಬುಡಕ್ಕೆ ಹೋಗುತ್ತಿತ್ತು. ಇಳಿಜಾರಿಗೆ ತಿದ್ದಿಕೊಂಡ ಕೈಗೆ ಸಮನೆಲ ಸಿಕ್ಕಿತ್ತು. ಕೋಚಿಗೆ ಆಗಲೂ ಅರ್ಥವಾಗಲಿಲ್ಲ. ಒಸಿ ಮ್ಯಾಕೆ ಹೊಡೀರಿ ಎಂದು ಇನ್ನೂ ಜೋರಾಗಿ ಕೂಗಿದರು, ಹುಡುಗಿಯರು ಇನ್ನೂ ಪಕ್ಕಕ್ಕೆ ಹೊಡೆದರು. ಮಳವಳ್ಳಿಯವರೇನು ಭಾರೀ ಆಟಗಾರರಲ್ಲ, ಆದರೆ ಅವರಿಗೆ ಆ ಹಾಲು ಮನೆಯ ನಡುಮನೆ ಇದ್ದ ಹಾಗೆ. ನಮ್ಮ ಗೋಲಿನಲ್ಲಿ ಅಧ್ಯಕ್ಷರ ಸೋದರ ಸೊಸೆ ಕಣ್ಣು ಮುಚ್ಚಿಕೊಂಡು ನಿಂತಿತ್ತು. ಬಿಲ್ಲೆ ಅದರ ಕಾಲ ಸಂದಿನಿಂದ, ಎಡದಿಂದ, ಬಲದಿಂದ ಒಳಗೆ ಹೋಗುತ್ತಲೇ ಇತ್ತು. ಒಂದು ಸಲವಂತೂ ಗೋಲಿನ ಕಂಬವನ್ನೇ ತಬ್ಬಿಕೊಂಡಿತು. ಅಧ್ಯಕ್ಷರು ಪ್ರತಿ ಸಲವೂ ಪರವಾಗಿಲ್ಲ ಎಂದು ಚಪ್ಪಾಳೆ ತಟ್ಟುತ್ತಿದ್ದರು.

ಅರ್ಧ ಆಟ ಮುಗಿದು ಬಿಡುವು ಸಿಕ್ಕಿತು. ಕೆಳಗಡೆ ಊಟದ ಹಾಲಿನಲ್ಲಿ ಎಲೆ ಹಾಕಿದ್ದರು. ಬೇರೆ ಊರಿನಿಂದ ಬಂದವರನ್ನು ಬಾಡೂಟ ಹಾಕದೆ ಕಳಿಸುವುದು ನಮ್ಮ ಕಡೆ ದೊಡ್ಡ ಅವಮಾನ. ಪಂದ್ಯ, ಆಯ್ಕೆ, ನ್ಯಾಯ ಎಲ್ಲ ಅದರ ನಂತರ. ಮುದ್ದೆ ಆರಿಹೋಗುತ್ತದೆ ಎಂದು ಅಧ್ಯಕ್ಷರು ಆಯ್ಕೆಗಾರರ ಕೈಹಿಡಿದು ಮೆಟ್ಟಿಲು ಇಳಿಸಿದರು. ಊಟ ಮುಗಿದ ಮೇಲೆ ಉಳಿದರ್ಧ ಆಡಿಸುವುದು ಎಂದು ಮಾತಾಗಿತ್ತು. ಅಷ್ಟರಲ್ಲಿ ಮಂಟಪ ನೋಡಿಕೊಳ್ಳುವವನು ಓಡಿಬಂದು, ಸಂಜೆ ಆರತಕ್ಷತೆ ಇದೆ, ಹೂವಿನವರು ಬಂದು ನಿಂತಿದ್ದಾರೆ, ಈಗಲೇ ಮುಗಿಸಿ ಜಾಗ ಬಿಡಿ ಎಂದು ಕೂತ. ಸೀಟಿ ಊದುವವನಿಗೂ ಮನೆಗೆ ಹೋಗುವ ಅವಸರ. ಯಾರನ್ನೂ ಕೇಳದೆ ಆಟ ಶುರು ಎಂದುಬಿಟ್ಟ.

ಅಧ್ಯಕ್ಷರ ಸೊಸೆ ಹೆಲ್ಮೆಟ್ಟು ತೆಗೆದು ವೇದಿಕೆಯ ಮೆಟ್ಟಿಲಿನ ಮೇಲೆ ಕೂತು ಬಿಕ್ಕುತ್ತಿತ್ತು. ಇನ್ನು ನಿಲ್ಲುವುದಿಲ್ಲ ಎಂದು ತಲೆಯಾಡಿಸುತ್ತಿತ್ತು. ಮದ್ದೂರಿನ ಹುಡುಗಿ ಯಾರ ಮುಖವನ್ನೂ ನೋಡದೆ ಅವಳ ಮುಂದೆ ಹೋಗಿ ಮಂಡಿಯೂರಿದಳು.

"ಅಳ್ಬೇಡ ಬುಡು. ಪ್ಯಾಡ್ ಬಿಚ್ಚು. ನಮ್ಮಬ್ಬ ನನ್ ಕಾಲಳತೆ ತಗಂಡು ಒಲ್ದಿರಾದು."

ತಾನೇ ಬಕ್ಕಲ್ಲು ಬಿಚ್ಚಿ ತನ್ನ ಕಾಲಿಗೆ ಕಟ್ಟಿಕೊಂಡಳು. ಕೋಚ್ ಒಂದು ಸಲ ಕೆಳಗಿನ ಮೆಟ್ಟಿಲ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಸುಮ್ಮನಾದರು. ಆ ಮನುಷ್ಯ ತನ್ನ ಸರ್ವೀಸಿನಲ್ಲಿ ತೋರಿಸಿದ ಅತಿ ದೊಡ್ಡ ಧೈರ್ಯ ಇದು, ಸುಮ್ಮನಿದ್ದದ್ದು.

ಆಮೇಲೆ ನಾನು ಕಂಡ ಆಟವನ್ನು ಮತ್ತೆಂದೂ ಕಂಡಿಲ್ಲ. ಮಳವಳ್ಳಿಯವರು ಮೊದಲಿನ ಹಾಗೆ ನಗುತ್ತಲೇ ಬಂದರು. ಮೊದಲ ಹೊಡೆತವನ್ನು ಅವಳು ಕಾಲಿನಲ್ಲಿ ತಡೆದಳು, ಎರಡನೆಯದನ್ನು ಕೋಲಿನಲ್ಲಿ, ಆಮೇಲೆ ಒಂದನ್ನು ಅಡ್ಡ ಬಿದ್ದು ಎದೆಯಲ್ಲಿ. ಅವರ ನಗು ನಿಂತಿತು. ನಮ್ಮ ಹುಡುಗಿಯರಿಗೂ ಹುರುಪು ಬಂದು, ಕೋಚಿನ ಕೂಗಿಗೆ ಕಿವಿಗೊಡದೆ ನೇರಕ್ಕೆ ಹೊಡೆಯತೊಡಗಿದರು. ನಾನು ವೇದಿಕೆಯ ಮೇಲೆ ನಿಂತು ಕೂಗುತ್ತಾ ಇದ್ದವಳು ತಟ್ಟನೆ ಹಿಂದೆ ತಿರುಗಿ ನೋಡಿದೆ. ಕೆಂಪು ಸೋಫಾ ಖಾಲಿ ಇತ್ತು. ನೋಡಬೇಕಾದವರು ಇದನ್ನು ನೋಡುತ್ತಿಲ್ಲ ಎಂಬುದು ಆಗ ನನ್ನ ಮಂದ ತಲೆಗೆ ಹೊಳೆಯಿತು. ಸೀರೆ ಎತ್ತಿ ಹಿಡಿದು ಕೆಳಕ್ಕೆ ಓಡಿದೆ.

ಊಟದ ಹಾಲಿನಲ್ಲಿ ಉದ್ದ ಪಂಕ್ತಿ. ಬಾಡಿನ ಸಾರಿನ ವಾಸನೆ. ಆಯ್ಕೆಗಾರರು ತಲೆ ತಗ್ಗಿಸಿ ಮುದ್ದೆ ಮುರಿಯುತ್ತಿದ್ದರು. ಮೇಲೆ ಆಟ ಶುರುವಾಗಿದೆ, ನಮ್ಮ ಹುಡುಗಿಯೊಬ್ಬಳು ಗೋಲು ಕಾಯುತ್ತಿದ್ದಾಳೆ, ಐದೇ ನಿಮಿಷ ಬಂದು ನೋಡಿ ಎಂದು ಅಂಗಲಾಚಿದೆ. ನಾನು ಅಂಗಲಾಚುವುದು ಕಡಿಮೆ, ಅವತ್ತು ಅಂಗಲಾಚಿದೆ. ಒಬ್ಬರು ಕೈ ಎಲೆಯ ಮೇಲಿಟ್ಟುಕೊಂಡೇ ಪಾಪ ಎನ್ನುವ ಹಾಗೆ ನನ್ನನ್ನು ನೋಡಿದರು.

"ಎಲೆ ಮುಂದಿನಿಂದ ಏಳೋದಾ ಮೇಡಂ? ಹಿರಿಯರು ಇನ್ನೂ ಊಟ ಮಾಡ್ತಿದ್ದಾರೆ."

ಪಂಕ್ತಿಯ ತುದಿಯಲ್ಲಿ ಕಾರ್ಯದರ್ಶಿಯ ಮುದಿ ತಂದೆ ಕೂತಿದ್ದರು. ಬಾಯಲ್ಲಿ ಹಲ್ಲಿಲ್ಲ. ಮೂಳೆಯೊಂದನ್ನು ಚೀಪುತ್ತಾ, ನಿಧಾನವಾಗಿ ತಿರುಗಿಸಿ ನೋಡಿ ಮತ್ತೆ ಚೀಪುತ್ತಿದ್ದರು. ಅವರು ಏಳುವವರೆಗೆ ಪಂಕ್ತಿಯಲ್ಲಿ ಯಾರೂ ಏಳುವ ಹಾಗಿಲ್ಲ. ನಾನೂ ಅದೇ ರೀತಿ ರಿವಾಜಿನಲ್ಲಿ ಬೆಳೆದವಳು, ಅದು ತಪ್ಪು ಎನ್ನಲು ಬಾಯಿ ಬರಲಿಲ್ಲ. ಆ ಮೂಳೆ ಮಾತ್ರ ಮುಗಿಯಲೊಲ್ಲದು. ಅಧ್ಯಕ್ಷರು ನಗುತ್ತಾ ಮೇಡಮ್ಮನವರಿಗೂ ಒಂದೆಲೆ ಹಾಕಿ ಎಂದು ಬಡಿಸುವವರಿಗೆ ಹೇಳಿದರು. ಸಾರಿನ ಬಕೆಟ್ಟನ್ನು ಎತ್ತಿ ಅವರ ತಲೆಯ ಮೇಲೆ ಸುರಿಯಬೇಕು ಎನ್ನಿಸಿತು. ಏನೂ ಮಾಡದೆ ಮೆಟ್ಟಿಲು ಹತ್ತಿದೆ.

ಮೇಲೆ ಹೋಗುವಷ್ಟರಲ್ಲಿ ಆಟ ಮುಗಿದು, ಹೂವಿನವರು ಏಣಿ ಹಾಕುತ್ತಿದ್ದರು. ಎರಡನೆಯ ಅರ್ಧದಲ್ಲಿ ಒಂದು ಬಿಲ್ಲೆಯನ್ನೂ ಅವಳು ಒಳಗೆ ಬಿಟ್ಟಿರಲಿಲ್ಲ. ಮೊದಲರ್ಧದ ಲೆಕ್ಕದಲ್ಲಿ ನಾವು ಸೋತಿದ್ದೆವು. ಮಳವಳ್ಳಿಯ ಹುಡುಗಿಯರು ಒಬ್ಬೊಬ್ಬರೇ ಬಂದು ಅವಳ ಕೈ ಕುಲುಕಿ ಹೋಗುತ್ತಿದ್ದರು. ಬಹಳ ಹೊತ್ತಾದ ಮೇಲೆ ಆಯ್ಕೆಗಾರರು ಎಲೆ ಅಡಿಕೆ ಮೆಲ್ಲುತ್ತಾ ಬಂದರು. ತಾವು ಕಣ್ಣಾರೆ ಕಂಡ ಆಟದ ಆಧಾರದ ಮೇಲೆ ಎಂದು ಗಂಟಲು ಸರಿಮಾಡಿಕೊಂಡು, ಮಳವಳ್ಳಿಯ ಒಬ್ಬಳನ್ನೂ, ಗೋಲು ಕಾಯುವುದಕ್ಕೆ ನಮ್ಮ ಅಧ್ಯಕ್ಷರ ಸೊಸೆಯನ್ನೂ ಹೆಸರಿಸಿದರು. ಎದೆಗುಂದದೆ ನಿಂತ ಹುಡುಗಿ ಎಂದು ಹೊಗಳಿಕೆ ಬೇರೆ.

ನಾನು ಅಲ್ಲೇ ಜಗಳಕ್ಕೆ ನಿಂತೆ. ಇಷ್ಟು ಜನ ನೋಡಿದ್ದಾರೆ, ಸೀಟಿ ಊದಿದವನನ್ನು ಕೇಳಿ, ಎದುರಾಳಿ ಹುಡುಗಿಯರನ್ನೇ ಕೇಳಿ ಎಂದು ಕೂಗಾಡಿದೆ. ಸೀಟಿ ಊದಿದವನು ಮನೆಗೆ ಹೋಗಿಯಾಗಿತ್ತು. ಕೋಚನ್ನು ಕೇಳಿ ಎಂದೆ. ಎಲ್ಲರೂ ಕೋಚಿನ ಕಡೆ ತಿರುಗಿದರು. ಅವರು ಮೊಬೈಲು ತೆಗೆದು ಕಿವಿಗಿಟ್ಟುಕೊಂಡು ಬಾಗಿಲ ಕಡೆ ನಡೆದರು. ಅದಕ್ಕೆ ಯಾವ ಕರೆಯೂ ಬಂದಿರಲಿಲ್ಲ. ಮರುದಿನ ಪ್ರಿನ್ಸಿಪಾಲರು ಕರೆದು ಹೆಂಗಸರಿಗೆ ನಾಲಿಗೆ ಮೇಲೆ ಹಿಡಿತ ಇರಬೇಕು ಎಂದು ಉಪದೇಶ ಮಾಡಿದರು.

ತಿಂಗಳೊಳಗೆ ಕಾಲೇಜಿನ ಗೇಟಿಗೆ ಫ್ಲೆಕ್ಸ್ ಬಂತು. ಬಿಳಿ ಬೆಟ್ಟದ ಚಿತ್ರದ ಮುಂದೆ ಅಧ್ಯಕ್ಷರ ಸೊಸೆ, ಮೇಲೆ ಅಧ್ಯಕ್ಷರು, ಅವರ ಪಕ್ಕ ಕೈಮುಗಿದ ಪ್ರಿನ್ಸಿಪಾಲರು. ವಾರ್ಷಿಕೋತ್ಸವದಲ್ಲಿ ಕೋಚಿಗೆ ಶಾಲು ಹೊದಿಸಿ, ಪೇಟ ತೊಡಿಸಿ ಸನ್ಮಾನ. ಮಂಜೇ ಇಲ್ಲದ ನಾಡಿನಿಂದ ಮಂಜಿನ ಆಟಗಾರ್ತಿಯನ್ನು ರೂಪಿಸಿದ ಗುರು ಎಂದು ನಿರೂಪಕರು ಹೇಳಿದಾಗ, ಕೋಚ್ ನಾಚಿಕೊಂಡು ನಕ್ಕರು. ನಾನು ಎದ್ದು ಹೊರಗೆ ಬಂದೆ. ಅದೇ ವೇದಿಕೆಯಲ್ಲಿ ಅಧ್ಯಕ್ಷರು ಬರುವ ವರ್ಷದಿಂದ ಐಸ್ ಹಾಕಿ ನಿಲ್ಲಿಸಿ ಕತ್ತಿ ಹಿಡಿದು ಆಡುವ ಫೆನ್ಸಿಂಗ್ ಶುರು ಮಾಡುವುದಾಗಿ ಘೋಷಿಸಿದರಂತೆ. ಅದರಲ್ಲೂ ಎದುರಾಳಿಗಳು ಕಡಿಮೆಯಂತೆ. ರೈಸ್ ಮಿಲ್ಲಿನವರಿಗೆ ಕಣ ವಾಪಸು ಸಿಕ್ಕಿತು.

ಶಿಬಿರ ಮುಗಿಸಿ ಬಂದ ಮೇಲೆ ಅಧ್ಯಕ್ಷರ ಸೊಸೆ ಒಂದು ದಿನ ಇಂಟರ್ನಲ್ ಪರೀಕ್ಷೆ ಬರೆದು ಹೊರಗೆ ನಿಂತಿದ್ದಳು. ನಾನು ಉತ್ತರ ಪತ್ರಿಕೆ ಕಟ್ಟುತ್ತಿದ್ದೆ, ಬಾಗಿಲ ಆಚೆ ಆಡಿದ್ದೆಲ್ಲ ಕೇಳಿಸುತ್ತಿತ್ತು. ಮದ್ದೂರಿನ ಹುಡುಗಿ ಅವಳನ್ನು ಹುಡುಕಿಕೊಂಡೇ ಬಂದಿದ್ದಳು. ಚಳಿ ತಡೆದೆಯಾ, ಊಟ ಸೇರಿತಾ ಎಂದೆಲ್ಲ ಕೇಳಿದಳು. ಆಮೇಲೆ ಕೇಳಬೇಕೆಂದು ಬಂದದ್ದನ್ನು ಕೇಳಿದಳು.

"ಐಸ್ ಮ್ಯಾಲೆ ನಿಂತ್ಕಂಡ್ರೆ ಎಂಗಿರ್ತದೆ ಅಮ್ಮಿ? ಕಾಲಿಗ್ ಎಂಗಾಯ್ತದೆ?"

ಆ ಮಗು ಮೂಗು ಸೇದಿದ ಸದ್ದು ಕೇಳಿಸಿತು. ನಾನು ದಾರ ಕಟ್ಟುವುದನ್ನು ಬಿಟ್ಟು ಬಾಗಿಲಿಗೆ ಬಂದೆ. ಅದರ ಕಣ್ಣು ತುಂಬಿಕೊಂಡಿತ್ತು.

"ನಾ ಇಳೀಲೇ ಇಲ್ಲ ಕಣಕ್ಕ. ಬಯ ಆಯ್ತು. ದಡದಲ್ಲಿ ಕುರ್ಚಿ ಆಕ್ಕೊಟ್ಟಿದ್ರು. ಅಷ್ಟ್ ದಿನಾನೂ ಅಲ್ಲೇ ಕುಂತಿದ್ದೆ."

ಮದ್ದೂರಿನ ಹುಡುಗಿ ಸಿಟ್ಟಾಗಲಿಲ್ಲ. ತನ್ನ ವೇಲಿನ ತುದಿಯಿಂದ ಆ ಮಗುವಿನ ಕಣ್ಣು ಒರೆಸಿದಳು. ಆಮೇಲೆ ಅವಳ ಕಾಲನ್ನೇ ನೋಡುತ್ತಾ ಮೆಲ್ಲಗೆ ಹೇಳಿದಳು.

"ಒಂದ್ ಕಾಲ್ನಾದ್ರೂ ಮಡಗ್ಬಾರ್ದಿತ್ತಾ ಅಮ್ಮಿ."